ಎಚ್ಚೆನ್ ಮೇಷ್ಟ್ರನ್ನು ನೆನೆದು, ಪದವಿ ಮುಗಿಸಿದವರಿಗೆ ನಾಲ್ಕು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಕೊನೆಯ ಸೆಮಿಸ್ಟರ್ ಮುಗಿಸಿ ಕೆಲಸ ಹುಡುಕುತ್ತಿರುವ ಪದವೀಧರರಿಗಾಗಿ ಇವತ್ತಿನ ಮಾತು. ಆದರೆ ಮೊದಲು ಒಬ್ಬ ಮೇಷ್ಟ್ರನ್ನು ನೆನೆಯಬೇಕು. ಬೆಂಗಳೂರಿನ ಬಸವನಗುಡಿಯಲ್ಲಿ ಎಲ್ಲರೂ ಎಚ್ಚೆನ್ ಎಂದೇ ಕರೆಯುತ್ತಿದ್ದ ಡಾ. ಎಚ್. ನರಸಿಂಹಯ್ಯನವರು ಅವರು.

ಗೌರಿಬಿದನೂರು ಬಳಿಯ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಬಡವರ ಮನೆಯ ಹುಡುಗ, ಹೈಸ್ಕೂಲು ಓದಲು 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲು ಸೇರಿದರು. ಮತ್ತೆ ಓದಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಅದೇ ಕಾಲೇಜಿಗೆ ಮರಳಿದರು, ಪ್ರಾಂಶುಪಾಲರಾದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಷ್ಟಾದರೂ 2005ರಲ್ಲಿ ತೀರಿಕೊಳ್ಳುವ ತನಕ ಅವರ ವಾಸ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲೇ. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಜನಸಾಮಾನ್ಯರೂ ಬಂದು ವಿಜ್ಞಾನಿಗಳನ್ನು ಕೇಳುವಂತೆ ಮಾಡಿದರು. ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ನೇಮಿಸಿದರು.

ಅವರ ಬದುಕಿನಿಂದ ನಾವು ಎತ್ತಿಕೊಳ್ಳಬಹುದಾದದ್ದು ಎರಡು: ಪ್ರಶ್ನಿಸದೆ ಒಪ್ಪದಿರುವುದು, ಅಗತ್ಯಗಳನ್ನು ಕಡಿಮೆ ಇಟ್ಟುಕೊಳ್ಳುವುದು. ಇವೆರಡನ್ನೂ ದೊಡ್ಡ ತತ್ವ ಎಂದು ಗೋಡೆಗೆ ತೂಗುಹಾಕಿದರೆ ಪ್ರಯೋಜನವಿಲ್ಲ. ನಿಮ್ಮ ಕೈಗೆ ಬರುವ ಮೊದಲ ಆಫರ್ ಲೆಟರ್‌ನಿಂದಲೇ ಬಳಕೆಗೆ ತರಬೇಕು.

ಪತ್ರದಲ್ಲಿ ವರ್ಷಕ್ಕೆ 3,60,000 ರೂಪಾಯಿ ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ಎಂದಿದೆ ಅಂದುಕೊಳ್ಳಿ. ತಿಂಗಳಿಗೆ 30,000 ಕೈಗೆ ಬರುತ್ತದೆಂದು ಮನೆಯಲ್ಲಿ ಹೇಳಿಬಿಡಬೇಡಿ. ಮೂಲ ವೇತನ 15,000 ಎಂದಿಟ್ಟುಕೊಂಡರೆ, ಕಂಪನಿ ನಿಮ್ಮ ಭವಿಷ್ಯ ನಿಧಿಗೆ, ಅಂದರೆ ಪಿಎಫ್‌ಗೆ ಕಟ್ಟುವ ಶೇ. 12, ಅಂದರೆ 1,800 ರೂಪಾಯಿ ಸಾಮಾನ್ಯವಾಗಿ ಆ 30,000ದ ಒಳಗೇ ಸೇರಿರುತ್ತದೆ. ಮುಂದೆ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯೆಂದು ಸುಮಾರು 720 ತೋರಿಸಿರುತ್ತಾರೆ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,800, ವೃತ್ತಿ ತೆರಿಗೆ 200. ಇಷ್ಟು ಕಳೆದರೆ ಕೈಗೆ ಬರುವುದು ಸುಮಾರು 25,480. ‘ವೇರಿಯಬಲ್ ಪೇ’ ಎಂಬ ಸಾಲಿದ್ದರೆ ಇನ್ನೂ ಕಡಿಮೆ, ಏಕೆಂದರೆ ಆ ಹಣ ತಿಂಗಳ ಸಂಬಳದಲ್ಲಿ ಸೇರದೆ, ಕಂಪನಿ ತೀರ್ಮಾನಿಸಿದಾಗಷ್ಟೇ ಬರುತ್ತದೆ. ಆದ್ದರಿಂದ ಎಚ್‌ಆರ್ ಅವರಿಗೆ ಇಮೇಲ್ ಬರೆದು ಮೂರು ಪ್ರಶ್ನೆ ಕೇಳಿ: ಕೈಗೆ ಬರುವ ಸಂಬಳ ಎಷ್ಟು? ನೋಟಿಸ್ ಅವಧಿ ಎಷ್ಟು ದಿನ? ಇಷ್ಟು ಕಾಲ ಕೆಲಸ ಬಿಡುವಂತಿಲ್ಲವೆಂಬ ಬಾಂಡ್ ಇದೆಯೇ, ಇದ್ದರೆ ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು? ಕೇಳಿದರೆ ಕೆಲಸ ಹೋದೀತೆಂಬ ಅಂಜಿಕೆ ಬೇಡ. ಬರವಣಿಗೆಯಲ್ಲಿ ಉತ್ತರ ಕೊಡಲು ಹಿಂಜರಿಯುವ ಕಡೆ ನೀವೇ ಎರಡು ಸಲ ಯೋಚಿಸಬೇಕು.

ಕೆಲಸ ಕೊಡಿಸುತ್ತೇವೆಂದು ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪ್ ಠೇವಣಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ನಕಲು ಕೊಡಿ. ಮೂಲವನ್ನು ಯಾರ ಬಳಿಯೂ ಬಿಟ್ಟು ಬರಬೇಡಿ. ‘ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಬಳಸಿಕೊಳ್ಳುತ್ತೇವೆ, ಕಮಿಷನ್ ಕೊಡುತ್ತೇವೆ’ ಎಂದು ಪರಿಚಯದವರೇ ಕೇಳಿದರೂ ಒಪ್ಪಬೇಡಿ. ವಂಚನೆಯ ಹಣ ಆ ಖಾತೆಯಲ್ಲಿ ಹಾದುಹೋದರೆ ಪೊಲೀಸರು ಮೊದಲು ಬರುವುದು ಖಾತೆಯ ಹೆಸರಿನವರ ಮನೆಗೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮುನ್ನ ತಡೆಯಲು ಸಿಗುವ ಕಾಲ ತೀರಾ ಕಡಿಮೆ.

ಇನ್ನು ಹೆಸರಿನ ವಿಚಾರ. ನಮ್ಮ ಕಡೆ ಇದು ಬಹಳ ಮಂದಿಯನ್ನು ಕಾಡುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.’, ಆಧಾರ್‌ನಲ್ಲಿ ‘ಕೆ. ಮಂಜುನಾಥ್’, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ‘ಮಂಜುನಾಥ ಕೃಷ್ಣಪ್ಪ’. ಮನುಷ್ಯ ಒಬ್ಬನೇ, ಕಂಪ್ಯೂಟರಿಗೆ ಮೂವರು. ಇದರ ಬಿಸಿ ತಟ್ಟುವುದು ವರ್ಷಗಳ ನಂತರ, ಪಿಎಫ್ ಹಣಕ್ಕೆ ಅರ್ಜಿ ಹಾಕಿ ಅದು ತಿರಸ್ಕೃತವಾದಾಗ, ಇಲ್ಲವೇ ಪಾಸ್‌ಪೋರ್ಟ್ ಮಾಡಿಸುವಾಗ. ಕೆಲಸಕ್ಕೆ ಸೇರುವ ಮೊದಲೇ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಅಕ್ಷರ ಅಕ್ಷರ ತಾಳೆ ನೋಡಿ. ಎಸ್ಸೆಸ್ಸೆಲ್ಸಿ ದಾಖಲೆಯನ್ನು ಬುಡವೆಂದು ಇಟ್ಟುಕೊಳ್ಳಿ. ಮೊದಲು ಆಧಾರ್ ಸರಿಮಾಡಿಸಿ, ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಕೊನೆಗೆ ಪಿಎಫ್. ಎಸ್ಸೆಸ್ಸೆಲ್ಸಿಯಲ್ಲೇ ತಪ್ಪಿದ್ದರೆ ನೀವು ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಪಿಎಫ್‌ನ ಯುಎಎನ್, ಅಂದರೆ ಸದಸ್ಯರ ಗುರುತಿನ ಸಂಖ್ಯೆ, ಜೀವಮಾನಕ್ಕೆ ಒಂದೇ. ಕೆಲಸ ಬದಲಿಸಿದಾಗ ಹಳೆಯದನ್ನೇ ಕೊಡಿ. ಪ್ರಾವಿಷನಲ್ ಸರ್ಟಿಫಿಕೇಟ್ ಸಿಕ್ಕಿತೆಂದು ಸುಮ್ಮನಾಗದೆ ಘಟಿಕೋತ್ಸವದ ಪದವಿ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿ.

ಅಗತ್ಯ ಕಡಿಮೆ ಇಟ್ಟುಕೊಳ್ಳುವುದೆಂದರೆ ಎಲ್ಲರೂ ಎಚ್ಚೆನ್ ಅವರಂತೆ ಒಂದೇ ಕೋಣೆಯಲ್ಲಿ ಬಾಳಬೇಕೆಂದಲ್ಲ. ಸಾಲದ ಹಣದಲ್ಲಿ ಬದುಕು ಶುರುಮಾಡಬೇಡಿ ಎಂದಷ್ಟೇ. ಸಂಬಳದ ಖಾತೆ ತೆರೆದೊಡನೆ ಕ್ರೆಡಿಟ್ ಕಾರ್ಡ್ ಬೇಕೇ ಎಂಬ ಕರೆ ಬರುತ್ತದೆ. 20,000 ರೂಪಾಯಿ ಬಾಕಿ ಇದ್ದು, ಕನಿಷ್ಠ ಮೊತ್ತವೆಂದು ಶೇ. 5, ಅಂದರೆ 1,000 ಕಟ್ಟಿದಿರಿ ಎನ್ನಿ. ತಿಂಗಳಿಗೆ ಶೇ. 3.5ರಂತೆ ಬಡ್ಡಿ 700, ಅದರ ಮೇಲೆ ಜಿಎಸ್‌ಟಿ 126. ಅಸಲು ಇಳಿಯುವುದು ಬರೀ 174 ರೂಪಾಯಿ! ಪೂರ್ತಿ ಬಾಕಿ ತೀರಿಸದಿದ್ದರೆ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಶಿಕ್ಷಣ ಸಾಲ ಇರುವವರು ಕಂತು ಯಾವ ತಿಂಗಳಿಂದ ಶುರುವಾಗುತ್ತದೆಂದು ಈಗಲೇ ಬ್ಯಾಂಕಿನಲ್ಲಿ ವಿಚಾರಿಸಿ. ಕಂತು ಶುರುವಾಗುವ ಮುಂಚಿನ ರಜೆಯ ಅವಧಿಯಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಕಂತು ತಪ್ಪಿದರೆ ಜೊತೆಗೆ ಸಹಿ ಮಾಡಿದ ಅಪ್ಪನ ಅಥವಾ ಅಮ್ಮನ ಕ್ರೆಡಿಟ್ ಸ್ಕೋರ್ ಕೂಡ ಕೆಡುತ್ತದೆ. ಮೂರು ತಿಂಗಳ ಖರ್ಚಿನಷ್ಟು ಹಣ ಬೇರೆ ಖಾತೆಯಲ್ಲಿ ಸೇರುವವರೆಗೆ ಹೊಸ ಬೈಕು ಕಾಯಲಿ.

ಕೊನೆಯದಾಗಿ, ನಿಮಗೆ ಕಲಿಸಿದವರ ವಿಷಯ. ಮುಂದೆ ಗೆಳೆಯರೆಲ್ಲ ಸೇರಿ ಗುರುವಂದನೆ ಮಾಡುತ್ತೀರಿ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ತರುತ್ತೀರಿ. ಮಾಡಿ, ಹಿರಿಯ ಮೇಷ್ಟ್ರಿಗೆ ಅದರಿಂದ ಸಂತೋಷವೇ. ಆದರೆ ಖರ್ಚಿನ ಅರ್ಧವನ್ನಾದರೂ ಅವರು ಪಾಠ ಮಾಡಿದ ಪ್ರಯೋಗಾಲಯಕ್ಕೆ ಇಡಿ. ಏನು ಬೇಕೆಂದು ನೀವೇ ಊಹಿಸಿ ಕೊಂಡುಹೋಗಬೇಡಿ. ಲ್ಯಾಬ್ ಅಟೆಂಡರ್ ಅವರನ್ನು ಕೇಳಿದರೆ ಎಷ್ಟು ಸ್ಕ್ರೂ ಗೇಜ್ ತಿರುಪು ಸವೆದು ಶೂನ್ಯಕ್ಕೆ ಬಾರದೆ ನಿಂತಿವೆ, ಎಷ್ಟು ಮೀಟರುಗಳ ಮುಳ್ಳು ಅಂಟಿಕೊಂಡಿದೆ, ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು ಒಂದೇ ಉಪಕರಣದ ಸುತ್ತ ನಿಲ್ಲುತ್ತಾರೆ ಎಂದು ಅವರು ಸರಿಯಾಗಿ ಹೇಳಬಲ್ಲರು. ಪಟ್ಟಿಯನ್ನು ವಿಭಾಗದ ಮುಖ್ಯಸ್ಥರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಬಿಲ್ ಕಾಲೇಜಿನ ಹೆಸರಿನಲ್ಲಿರಲಿ. ಕೊಡುವಾಗ ಪ್ರಾಂಶುಪಾಲರಿಗೆ ಒಂದು ಪತ್ರ ಬರೆದು, ಉಪಕರಣಗಳನ್ನು ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಿಸಲು ಕೇಳಿಕೊಳ್ಳಿ. ದಾಖಲಾಗದ ವಸ್ತು ಬೀರುವಿನಲ್ಲೇ ಉಳಿದುಬಿಡುತ್ತದೆ. ಆ ಪತ್ರದಲ್ಲಿ ನಿಮ್ಮ ಮೇಷ್ಟ್ರ ಹೆಸರನ್ನೂ, ಅವರು ಕಲಿಸಿದ್ದರಲ್ಲಿ ನಿಮಗೆ ಕೆಲಸಕ್ಕೆ ಬಂದ ಒಂದು ಪಾಠವನ್ನೂ ಬರೆಯಿರಿ. ಒಂದು ಪ್ರತಿಯನ್ನು ಮೇಷ್ಟ್ರ ಮನೆಗೇ ಹೋಗಿ ಕೊಟ್ಟು ಬನ್ನಿ.

ನಮಸ್ಕಾರ.