ಟನ್ ಬಿಡಿ, ಗರಿ ಎಷ್ಟುದ್ದ ಇದೆ ನೋಡಿ

ಟ್ರ್ಯಾಕ್ಟರಿಗೆ ಟ್ರೇಲರ್ ಮಾಡಿಸಲು ವೆಲ್ಡಿಂಗ್ ಶಾಪಿಗೆ ಹೋದರೆ ಮೊದಲು ಕೇಳುವುದು, "ಎಷ್ಟು ಟನ್ನಿಂದು ಬೇಕು ಸಾರ್?" ಕಲ್ಲು, ಮರಳು ಹೊಡೆಯುವವರಿಗೆ ಸರಿಯಾದ ಪ್ರಶ್ನೆ. ನಮ್ಮದು ತೆಂಗಿನ ತೋಟ. ನಾವು ಹೊಡೆಯುವುದು ಗರಿ, ಹೊಂಬಾಳೆ, ಬದುವಿನ ಹೊಂಗೆ ಕೊಂಬೆ. ಟ್ರೇಲರ್ ತುಂಬಿ ತುಳುಕುತ್ತಿರುತ್ತದೆ, ತೂಕ ಮಾತ್ರ ಏನೂ ಇರುವುದಿಲ್ಲ.

ಲೆಕ್ಕ ಹಾಕಿ. ಒಂದು ತೆಂಗಿನ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಗರಿ ಬೀಳಿಸುತ್ತದೆ. 200 ಮರ ಇದ್ದರೆ ವರ್ಷಕ್ಕೆ 2,400 ಗರಿ. ಒಂದೊಂದೂ 15 ಅಡಿ, ಕೆಲವು ಇನ್ನೂ ಉದ್ದ. ಪಾತಿಗೆ ಮುಚ್ಚಿಗೆ ಹಾಕಿದರೆ ಅರ್ಧದಷ್ಟು ಗರಿ ತೋಟದಲ್ಲೇ ಕರಗುತ್ತದೆ, ಅದನ್ನು ಸುಮ್ನೆ ಯಾಕೆ ಹೊರಬೇಕು? ಉಳಿದದ್ದನ್ನು ಮಾತ್ರ ಸಾಗಿಸಲೇಬೇಕು, ಗುಡ್ಡೆ ಹಾಕಿ ಕೊಳೆಯಲು ಬಿಡುವಂತಿಲ್ಲ. ಕೊಳೆತ ಕಾಂಡ, ಗೊಬ್ಬರದ ಗುಡ್ಡೆಯಲ್ಲೇ ಸುಳಿ ಕೊರೆಯುವ ಕೊಂಬಿನ ದುಂಬಿ ಮರಿ ಮಾಡುವುದು.

ಹಾಗಾಗಿ ನನ್ನ ಮಾತು ಇಷ್ಟೇ. ಕಸಕ್ಕೆ ಟ್ರೇಲರ್ ಬೇಕಾದರೆ ಭಾರ ಹೊರುವ ದಪ್ಪ ಚಾಸಿಗೆ, ಅಂದರೆ ತಳದ ಕಬ್ಬಿಣದ ಚೌಕಟ್ಟಿಗೆ, ದುಡ್ಡು ಸುರಿಯಬೇಡಿ. ಆ ದುಡ್ಡನ್ನು ಎತ್ತರದ ಫ್ರೇಮಿಗೂ, ಟ್ರೇಲರನ್ನು ಮುಂದಿನಿಂದ ಎತ್ತಿ ಹಿಂದಕ್ಕೆ ಸುರಿಯುವ ಹೈಡ್ರಾಲಿಕ್ ಜಾಕಿಗೂ ಹಾಕಿ.

ಮಿನಿ ಟ್ರ್ಯಾಕ್ಟರಿಗೆ 8 ಅಡಿ ಉದ್ದ, 5 ಅಡಿ ಅಗಲದ ಟ್ರೇಲರ್ ಅಂದುಕೊಳ್ಳಿ. ಸುತ್ತಲಿನ ಡೋರ್ ಒಂದೂವರೆ ಅಡಿ ಎತ್ತರ ಇದ್ದರೆ 60 ಘನ ಅಡಿ ಜಾಗ. ಅದರ ಮೇಲೆ ಪೈಪು, ಜಾಲರಿಯ ಫ್ರೇಮ್ ಕೂರಿಸಿ 4 ಅಡಿ ಮಾಡಿದರೆ 160. ಮೂರು ಟ್ರಿಪ್ಪಿನ ಕೆಲಸ ಒಂದೇ ಟ್ರಿಪ್ಪಿಗೆ ಸಮೀಪ ಬರುತ್ತದೆ. ಆದರೆ ಆ ಫ್ರೇಮ್ ಕಳಚುವಂತಿರಲಿ. ಯಾಕೆ ಅಂದರೆ, ನಾನೇ ಒಮ್ಮೆ ಎಡವಟ್ಟು ಮಾಡಿದ್ದೇನೆ. ಕಡಿದ ಸಿಲ್ವರ್ ಓಕ್ ದಿಮ್ಮಿಗಳನ್ನು ಫ್ರೇಮಿನ ತುದಿವರೆಗೂ ಪೇರಿಸಿದೆ. ಜಾಗ ಇದೆಯಲ್ಲ, ತುಂಬೋಣ ಅಂತ. ಹಸಿ ದಿಮ್ಮಿ ಅಷ್ಟು ಜೋಡಿಸಿದರೆ ಎರಡು ಟನ್ ಸಲೀಸಾಗಿ ದಾಟುತ್ತದೆ. ಕಾಲುವೆ ಏರಿ ಹತ್ತುವಾಗ ಟ್ರ್ಯಾಕ್ಟರಿನ ಮುಂದಿನ ಚಕ್ರ ನೆಲ ಬಿಟ್ಟಿತು. ಸ್ಟೇರಿಂಗ್ ತಿರುಗಿಸಿದರೂ ತಿರುಗದ ಆ ಎರಡು ಕ್ಷಣ ಇನ್ನೂ ನೆನಪಿದೆ. ಈಗ ದಿಮ್ಮಿ ದಿನ ಫ್ರೇಮ್ ಮನೆಯಲ್ಲಿರುತ್ತದೆ.

ಎರಡು ಚಕ್ರದ್ದೋ ನಾಲ್ಕು ಚಕ್ರದ್ದೋ? ತೋಟದೊಳಗೆ ಎರಡು ಚಕ್ರದ್ದೇ. ಮರಗಳ ನಡುವೆ ನಾಲ್ಕು ಚಕ್ರದ್ದನ್ನು ರಿವರ್ಸ್ ತೆಗೆಯುವುದು ಎಲ್ಲರ ಕೈಲೂ ಆಗುವ ಕೆಲಸ ಅಲ್ಲ. ಆದರೆ ಎರಡು ಚಕ್ರಕ್ಕೆ ಒಂದು ಗುಣ ಇದೆ, ತಕ್ಕಡಿ ಥರ. ಭಾರ ಆಕ್ಸಲ್‌ಗಿಂತ ಹಿಂದೆ ಬಿದ್ದರೆ ಟ್ರ್ಯಾಕ್ಟರಿಗೆ ಸಿಕ್ಕಿಸಿದ ಹುಕ್ಕನ್ನು ಮೇಲಕ್ಕೆ ಎತ್ತುತ್ತದೆ, ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಹಿಡಿತ ಹೋಗುತ್ತದೆ. 15 ಅಡಿ ಗರಿಯನ್ನು 8 ಅಡಿ ಟ್ರೇಲರಿಗೆ ಹಾಕುವಾಗ ಇದು ಆಗುತ್ತಲೇ ಇರುತ್ತದೆ. ಉಪಾಯ ಸುಲಭ. ಗರಿಯ ಬುಡ ಮುಂದಕ್ಕೆ, ಎಲೆ ಹಿಂದಕ್ಕೆ. ಭಾರ ಇರುವುದೇ ಬುಡದಲ್ಲಿ ಅಲ್ವಾ? ಇನ್ನೊಂದು ಲಾಭವೂ ಇದೆ. ಜಾಕಿ ಎತ್ತಿದಾಗ ಎಲೆ ತುದಿ ಮೊದಲು ನೆಲಕ್ಕೆ ತಾಗುತ್ತದೆ. ಟ್ರ್ಯಾಕ್ಟರನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರೆ ಇಡೀ ರಾಶಿ ಎಳೆದುಕೊಂಡು ಇಳಿಯುತ್ತದೆ.

ಇಳಿಯಬೇಕಾದರೆ ಹಿಂಬದಿಯಲ್ಲಿ ಅಡ್ಡ ಪೈಪ್ ಇರಬಾರದು. ಫ್ರೇಮ್ ಗಟ್ಟಿಯಾಗಲಿ ಅಂತ ವೆಲ್ಡರ್ ಹಿಂದೆ ಮೇಲ್ಗಡೆ ಒಂದು ಪೈಪ್ ಅಡ್ಡ ಹಾಕಿಬಿಡುತ್ತಾರೆ. ಕೊಂಬೆಗಳೆಲ್ಲ ಅದಕ್ಕೇ ಸಿಕ್ಕಿ ನೇತಾಡುತ್ತವೆ. ಹಿಂದಕ್ಕೆ ಹೋದಂತೆ ಫ್ರೇಮ್ ಒಂದೆರಡು ಇಂಚು ಅಗಲ ಆಗಲಿ. ತಳಕ್ಕೆ ಹಲಗೆ ಬೇಡ, ನುಣ್ಣನೆ ಶೀಟ್ ಸಾಕು.

ಜಾಕಿಗೆ ಮುಂಗಡ ಕೊಡುವ ಮುಂಚೆ ನಿಮ್ಮ ಟ್ರ್ಯಾಕ್ಟರಿನಲ್ಲಿ ಹೊರಗಡೆ ಹೈಡ್ರಾಲಿಕ್ ಪೈಪ್ ಸಿಕ್ಕಿಸುವ ಪಾಯಿಂಟ್ ಇದೆಯಾ ನೋಡಿ. ರಸ್ತೆಗೆ ಇಳಿಸುವುದಾದರೆ ಟ್ರೇಲರಿಗೂ ಬೇರೆ ನೋಂದಣಿ ಬೇಕು. ಅದನ್ನೂ ಮೊದಲೇ ವಿಚಾರಿಸಿ.

ಕೊನೆಗೆ ಎತ್ತರ. ಟ್ರೇಲರ್ ಆರಿಸುವವನು ಒಬ್ಬ, ದಿನವಿಡೀ ಗರಿ ಎತ್ತಿ ಹಾಕುವವರು ಇನ್ನೊಬ್ಬರು. ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕನನ್ನು ನಾನು ಹತ್ತು ವರ್ಷ ಈ ವಿಷಯ ಕೇಳಿರಲಿಲ್ಲ. ಈ ಸಲ ಅಳತೆ ತೆಗೆಯಲು ವೆಲ್ಡರ್ ತೋಟಕ್ಕೇ ಬಂದಿದ್ದ. "ತಳ ಎಷ್ಟು ಎತ್ತರಕ್ಕಿರಲಿ ಅಕ್ಕ?" ಅಂದೆ. ಅವರು ಕೈಯಲ್ಲಿದ್ದ ಕುಡುಗೋಲನ್ನು ಸೊಂಟದ ಹತ್ತಿರ ಅಡ್ಡ ಹಿಡಿದು, "ಇಲ್ಲಿಗೆ. ಇದಕ್ಕಿಂತ ಮೇಲಾದರೆ ನೀನೇ ತುಂಬ್ಕೋ" ಅಂದರು. ವೆಲ್ಡರ್ ಟೇಪ್ ಹಿಡಿದ. 30 ಇಂಚು.