ಕೊಳಗೇರಿ ಅನ್ನುವ ಮಾತು

ನಮಸ್ಕಾರ. ಪುಣೆಯ ನಮ್ಮ ಮನೆಗೆ ಕೆಲಸಕ್ಕೆ ಬರುವ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ ಅಂತ, ಕೆಲಸಕ್ಕೆ ಬರುವವರನ್ನು ಇಲ್ಲಿ ಹಾಗೇ ಕರೆಯುತ್ತೇವೆ) ಯಾದಗಿರಿ ಕಡೆಯವರು. ಒಂದು ದಿನ ನಾನು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ, ‘ಇವರು ಪರ್ವತಿ ಗುಡ್ಡದ ಹತ್ತಿರ ಕೊಳಗೇರಿ ಇದೆ ನೋಡು, ಅಲ್ಲಿಂದ ಬರ್ತಾರೆ’ ಅಂದೆ. ಮಾವಶಿ ಅಲ್ಲೇ ನೆಲ ಒರೆಸುತ್ತಿದ್ದರು. ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು. ‘ಅಕ್ಕಾರ, ನಮ್ಮನಿ ದಿನಾ ಎರಡ ಸಲ ಒರಸ್ತೀನ್ರಿ’ ಅಂದರು. ಅಷ್ಟೇ. ನನಗೆ ಬಾಯಿ ಕಟ್ಟಿಹೋಯಿತು.

ಅವರ ಮಗಳ ಕುಬಸಕ್ಕೆ ನಾನು ಹೋಗಿದ್ದೆ. ಒಂದೇ ಕೋಣೆ. ಗೋಡೆಯ ಮಾಂಡಣಿಯ ಮೇಲೆ ಸ್ಟೀಲ್ ಡಬ್ಬಿಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಮುಖ ಕಾಣುವ ಹಾಗೆ ಹೊಳೆಯುತ್ತಿದ್ದವು. ಹೊಸ್ತಿಲ ಆಚೆ ಮಾತ್ರ ತೆರೆದ ಚರಂಡಿ. ಅದನ್ನು ಮುಚ್ಚಿಸುವುದು ಅವರ ಕೈಯಲ್ಲಿಲ್ಲ. ಆದರೆ ನಮ್ಮ ಮಾತು ಆ ಚರಂಡಿಯ ಕೊಳೆಯನ್ನು ತಂದು ಒಳಗಿನ ಜನಕ್ಕೇ ಅಂಟಿಸಿಬಿಟ್ಟಿದೆ. ಕೊಳೆ, ಕೇರಿ, ಕೊಳಗೇರಿ. ಮರಾಠಿಯವರು ಝೋಪಡಪಟ್ಟಿ ಅನ್ನುತ್ತಾರೆ, ಗುಡಿಸಲ ಸಾಲು ಅಂತ. ಅದೂ ಗೌರವದ ಮಾತೇನಲ್ಲ. ಆದರೂ ಅದರೊಳಗೆ ಒಂದು ಮನೆ ಇದೆ, ಅಲ್ವಾ?

ಹಳೇ ಮಾತುಗಳೂ ಹೀಗೇ. ಮಡಿ ಅಂದರೆ ಒಗೆದ ಬಟ್ಟೆ, ಒಗೆಯುವವನು ಮಡಿವಾಳ. 12ನೇ ಶತಮಾನದ ಶರಣ ಮಾಚಿದೇವರನ್ನು ಇವತ್ತಿಗೂ ಆ ಕಾಯಕದ ಹೆಸರಿನಿಂದಲೇ ಕರೆಯುತ್ತೇವೆ. ಆದರೆ ಊರಿನಲ್ಲಿ ಆದದ್ದೇನು? ಮಡಿ ಉಟ್ಟವರು ಮೇಲಿನವರಾದರು, ಮಡಿ ಮಾಡಿಕೊಟ್ಟವರು ಜಗಲಿಯ ಕೆಳಗೇ ನಿಂತರು. ಮರಾಠಿಯಲ್ಲೂ ಸೋವಳೆ-ಓವಳೆ ಇದೆ, ನಮ್ಮ ಮಡಿ-ಮೈಲಿಗೆಯ ಹಾಗೆ. ಅದರ ಜೊತೆ ಪಾಂಢರಪೇಶಾ ಅನ್ನುವ ಮಾತೂ ಇದೆ, ಬಿಳಿ ಉದ್ಯೋಗದವರು ಅಂತ, ಅಂದರೆ ಆಫೀಸು, ಮೇಷ್ಟರ ಕೆಲಸ ಮಾಡುವ ಮಧ್ಯಮ ವರ್ಗ, ನಮ್ಮಂಥವರು. ನಮ್ಮ ಯಜಮಾನರ ಬಿಳಿ ಅಂಗಿ ಸಂಜೆ ಮನೆಗೆ ಬರುವಾಗ ಕಾಲರಿನ ಒಳಗೆ ಕಪ್ಪು ಗೆರೆ ಕೂತಿರುತ್ತದೆ. ಬ್ರಶ್ಶು ಹಿಡಿದು ಅದನ್ನು ತಿಕ್ಕಿ ತೆಗೆಯುವುದು ಮಾವಶಿಯ ಕೈ.

ಕಸ ಒಯ್ಯಲು ಬಂದವರನ್ನು ನಾವು ‘ಕಚರಾವಾಲಾ’ ಅಂತ ಕೂಗುತ್ತೇವೆ. ಇದೇ ಪುಣೆಯಲ್ಲಿ ಕಸ ಆಯುವವರು 1993ರಲ್ಲಿ ತಮ್ಮದೇ ಸಂಘಟನೆ ಕಟ್ಟಿಕೊಂಡರು. ಹೆಸರು ‘ಕಾಗದ್ ಕಾಚ್ ಪತ್ರಾ ಕಷ್ಟಕರೀ ಪಂಚಾಯತ್’. ಕಾಗದ, ಗಾಜು, ತಗಡು, ಕಷ್ಟಪಟ್ಟು ದುಡಿಯುವವರು. ಕಚರಾ ಅನ್ನುವ ಮಾತೇ ಅದರಲ್ಲಿಲ್ಲ. ಚೀಲ ಸುರುವಿ, ಬಾಟಲಿ ಬೇರೆ, ರಟ್ಟು ಬೇರೆ ಮಾಡಿ, ತೂಕಕ್ಕೆ ಹಾಕುವವರಿಗೆ ಅದು ಮಾಲು. ನನಗೆ ಈ ಹೆಸರು ತುಂಬಾ ಇಷ್ಟ.

ಮೊನ್ನೆ ಮಾವಶಿಯನ್ನೇ ಕೇಳಿದೆ, ನೀವು ಇರುವ ಜಾಗಕ್ಕೆ ನೀವು ಏನಂತೀರಿ ಅಂತ. ‘ವಸ್ತಿ ಅಂತೀವ್ರಿ’ ಅಂದರು, ಜನ ವಾಸ ಮಾಡುವ ಜಾಗ ಅಂತ. ಸ್ವಲ್ಪ ಹೊತ್ತು ಬಿಟ್ಟು, ‘ಊರಿಗಿ ಫೋನ್ ಮಾಡಿದ್ರ ಮನಿ ಅಂತೀನ್ರಿ’ ಅಂದರು.