ಹೃದಯದ ಸುತ್ತ ನೀರು: ಯಾಕೆ ತುಂಬುತ್ತದೆ, ಹೇಗೆ ತೆಗೆಯುತ್ತಾರೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆ, ಚಿತ್ರದುರ್ಗದ ಆಸ್ಪತ್ರೆಗಳಿಗೆ ಬರುವ ಎಷ್ಟೋ ಜನ "ಎದೆಯಲ್ಲಿ ನೀರು ತುಂಬಿದೆ ಅಂದ್ರು ಡಾಕ್ಟ್ರೇ" ಎಂದು ಚೀಟಿ ಮುಂದಿಡುತ್ತಾರೆ. ಆ ನೀರು ಶ್ವಾಸಕೋಶದ ಒಳಗಿರಬಹುದು, ಶ್ವಾಸಕೋಶದ ಹೊರಪೊರೆಯಲ್ಲಿರಬಹುದು, ಇಲ್ಲವೇ ಹೃದಯದ ಸುತ್ತ ಇರಬಹುದು. ಮೂರರಲ್ಲೂ ದಮ್ಮು ಹತ್ತುತ್ತದೆ, ಆದರೆ ಚಿಕಿತ್ಸೆ ಮೂರಕ್ಕೂ ಬೇರೆ. ಇವತ್ತಿನ ಮಾತು ಮೂರನೆಯದರ ಬಗ್ಗೆ.

ಹೃದಯವನ್ನು ಪೆರಿಕಾರ್ಡಿಯಂ ಎಂಬ ಎರಡು ಪದರದ ಪೊರೆ ಸುತ್ತಿಕೊಂಡಿರುತ್ತದೆ. ಬಡಿಯುವಾಗ ಉಜ್ಜಾಟವಾಗದಿರಲೆಂದು ಪದರಗಳ ನಡುವೆ 15ರಿಂದ 50 ಮಿಲಿಲೀಟರ್ ದ್ರವ ಸದಾ ಇರುತ್ತದೆ. ಅದು ಹೆಚ್ಚಾದಾಗ ಏನಾಗುತ್ತದೆ ಎನ್ನುವುದನ್ನು ಪ್ರಮಾಣಕ್ಕಿಂತ ವೇಗವೇ ನಿರ್ಧರಿಸುತ್ತದೆ. ವಾರ, ತಿಂಗಳುಗಳಲ್ಲಿ ನಿಧಾನವಾಗಿ ಸೇರಿದರೆ ಪೊರೆ ಹಿಗ್ಗುತ್ತಾ ಹೋಗಿ, ಒಂದು ಲೀಟರ್ ತುಂಬಿದರೂ ರೋಗಿ ನಡೆದೇ ಬರಬಹುದು. ಅಪಘಾತದಲ್ಲಿ ಎದೆಗೆ ಪೆಟ್ಟು ಬಿದ್ದು ಒಮ್ಮೆಲೇ ರಕ್ತ ಸೇರಿದರೆ 150–200 ಮಿಲಿಲೀಟರಿಗೇ ಜೀವ ಹೋಗಬಹುದು. ಪೊರೆಗೆ ಹಿಗ್ಗಲು ಸಮಯ ಸಿಗದೆ ಒತ್ತಡವೆಲ್ಲ ಹೃದಯದ ಮೇಲೆ ಬೀಳುತ್ತದೆ. ಕೋಣೆಗಳು ಅಗಲವಾಗದೆ ರಕ್ತ ತುಂಬಿಕೊಳ್ಳುವುದಿಲ್ಲ. ಒಳಗೆ ಬಾರದ ರಕ್ತವನ್ನು ಹೃದಯ ಹೊರಗೆ ತಳ್ಳುವುದಾದರೂ ಹೇಗೆ? ಈ ಸ್ಥಿತಿಯನ್ನು ಟ್ಯಾಂಪೊನೇಡ್ ಎನ್ನುತ್ತಾರೆ. ಬಿಪಿ ಕುಸಿಯುವುದು, ಕುತ್ತಿಗೆಯ ರಕ್ತನಾಳ ಉಬ್ಬುವುದು, ಸ್ಟೆತಾಸ್ಕೋಪಿಗೆ ಹೃದಯದ ಸದ್ದು ಮಂಕಾಗಿ ಕೇಳುವುದು, ಈ ಮೂರು ಲಕ್ಷಣಗಳನ್ನು 1935ರಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯರು ಗುರುತಿಸಿದರು. ಮೂರೂ ಒಟ್ಟಿಗೆ ಎಲ್ಲರಲ್ಲೂ ಕಾಣುವುದಿಲ್ಲ. ಮಲಗಿದರೆ ಉಸಿರು ಕಟ್ಟಿ, ಎದ್ದು ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಾಯೆನಿಸುವುದು, ನಾಡಿ ಓಡುವುದು, ಕೈಕಾಲು ತಣ್ಣಗಾಗುವುದು: ಮನೆಯವರ ಕಣ್ಣಿಗೆ ಬೀಳುವುದು ಇಷ್ಟು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದಮ್ಮು, ಕಾಲೂತ ಕಂಡ ಕೂಡಲೇ ಮೆಡಿಕಲ್ ಶಾಪಿನಿಂದ ನೀರಿಳಿಸುವ ಮಾತ್ರೆ ತಂದು ನುಂಗುವ ರೂಢಿ ನಮ್ಮಲ್ಲಿದೆ. ಹೃದಯದ ಪಂಪ್ ಸೋತು ಶ್ವಾಸಕೋಶದಲ್ಲಿ ನೀರು ನಿಂತಿದ್ದರೆ ಆ ಮಾತ್ರೆ ಒಳ್ಳೆಯದೇ. ಟ್ಯಾಂಪೊನೇಡ್ ಆಗಿದ್ದರೆ ಅದು ಪೊರೆಯೊಳಗಿನ ದ್ರವವನ್ನು ತೆಗೆಯದೆ ರಕ್ತನಾಳದ ನೀರನ್ನು ಮೂತ್ರದಲ್ಲಿ ಕಳೆಯುತ್ತದೆ. ಹೃದಯಕ್ಕೆ ಬರುತ್ತಿದ್ದ ಅಷ್ಟಿಷ್ಟು ರಕ್ತವೂ ಕಡಿಮೆಯಾಗಿ ಬಿಪಿ ಇನ್ನಷ್ಟು ಕುಸಿಯುತ್ತದೆ. ಆದ್ದರಿಂದ ಕಾರಣ ತಿಳಿಯುವ ಮೊದಲೇ ಆ ಮಾತ್ರೆ ಬೇಡ. 108ಕ್ಕೆ ಕರೆ ಮಾಡಿ, ರೋಗಿಯನ್ನು ಚಪ್ಪಟೆಯಾಗಿ ಮಲಗಿಸದೆ ಒರಗಿ ಕೂರಿಸಿಕೊಂಡು ಹೋಗಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ, ರಕ್ತ ತೆಳು ಮಾಡುವ ಮಾತ್ರೆಯಿದ್ದರೆ ಮೊದಲೇ ಹೇಳಿ.

ಖಚಿತವಾಗಿ ತೋರಿಸುವುದು ಎಕೋ ಪರೀಕ್ಷೆ, ಅಂದರೆ ಹೃದಯದ ಸ್ಕ್ಯಾನಿಂಗ್. ಸುಮಾರು 200 ಮಿಲಿಲೀಟರ್ ದಾಟುವವರೆಗೆ ಎದೆಯ ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಾಣದೆಯೂ ಇರಬಹುದು. ಎಕೋದಲ್ಲಿ ನೀರಿನ ಪದರ 10 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಸ್ವಲ್ಪ, 20 ದಾಟಿದರೆ ಬಹಳ ಎಂದು ಲೆಕ್ಕ. ಜಗಳೂರು, ಮೊಳಕಾಲ್ಮುರಿನ ಕಡೆಯವರಿಗೆ ಪಟ್ಟಣದವರೆಗಿನ ಓಡಾಟ ಕಷ್ಟವೆಂದು ಗೊತ್ತು. ಆದರೂ ಎಕೋ ಬರೆದುಕೊಟ್ಟಿದ್ದರೆ ಸಂತೆ ಮುಗಿಯಲಿ, ಬಿತ್ತನೆ ಮುಗಿಯಲಿ ಎಂದು ಮುಂದೂಡಬೇಡಿ.

ಕಾರಣಗಳು ಹಲವು. ವೈರಸ್ ಸೋಂಕು, ಕಿಡ್ನಿ ವೈಫಲ್ಯ, ಥೈರಾಯ್ಡ್ ಕೊರತೆ, ಶ್ವಾಸಕೋಶ ಅಥವಾ ಸ್ತನದ ಕ್ಯಾನ್ಸರ್, ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆ, ಹೃದಯದ ಆಪರೇಷನ್ ಆದ ನಂತರದ ದಿನಗಳು. ಆದರೆ ನಮ್ಮ ದೇಶದಲ್ಲಿ ಮೊದಲು ಹುಡುಕಬೇಕಾದದ್ದು ಕ್ಷಯ. ಕ್ರಷರ್, ಕ್ವಾರಿಗಳ ಕಲ್ಲಿನ ಧೂಳು ಕುಡಿದ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ಹತ್ತುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು ಕೆಮ್ಮನ್ನು ಹೊಗೆಯ ಲೆಕ್ಕಕ್ಕೆ ಹಾಕಿ ಸುಮ್ಮನಿರುತ್ತಾರೆ. ಸಕ್ಕರೆ ಕಾಯಿಲೆ, ಎಚ್‌ಐವಿ ಇರುವವರಿಗೂ ಅಪಾಯ ಹೆಚ್ಚು. ಹೃದಯದ ಪೊರೆಯ ಕ್ಷಯದಲ್ಲಿ ಕೆಮ್ಮೇ ಇಲ್ಲದಿರಬಹುದು, ಕಫದಲ್ಲಿ ರೋಗಾಣು ಸಿಗದಿರಬಹುದು. ಸಂಜೆ ಜ್ವರ, ರಾತ್ರಿ ಬೆವರು, ಇಳಿಯುತ್ತಿರುವ ತೂಕ, ಇವುಗಳ ಜೊತೆ ದಮ್ಮಿದ್ದರೆ ಕಫದ ವರದಿ ಚೆನ್ನಾಗಿದೆ ಎಂದು ಅಷ್ಟಕ್ಕೇ ಬಿಡಬಾರದು.

ಇನ್ನು ನೀರು ತೆಗೆಯುವ ವಿಧಾನ. ಸೂಜಿ ಹೃದಯಕ್ಕೇ ಚುಚ್ಚೀತು ಎಂಬ ಭಯ ಸಹಜ. ರೋಗಿಯನ್ನು ಅರ್ಧ ಒರಗಿಸಿ, ಎಕೋ ನೋಡಿಕೊಂಡು, ನೀರು ಚರ್ಮಕ್ಕೆ ಹತ್ತಿರವಿರುವ ಜಾಗ ಆರಿಸುತ್ತಾರೆ. ಹೆಚ್ಚಾಗಿ ಎದೆಮೂಳೆಯ ಕೆಳತುದಿಯ ಪಕ್ಕ, ಇಲ್ಲವೇ ಎಡಪಕ್ಕೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿ ಹಾಕಿ, ಅದರೊಳಗೆ ಸಣ್ಣ ತಂತಿ ಇಳಿಸಿ, ತಂತಿಯ ಮೇಲೆ ತುದಿ ಸುರುಳಿಯಾದ ಮೆತ್ತನೆಯ ಕೊಳವೆ ಜಾರಿಸುತ್ತಾರೆ. ಟ್ಯಾಂಪೊನೇಡ್‌ನಲ್ಲಿ ಮೊದಲ 50–100 ಮಿಲಿಲೀಟರ್ ಹೊರಬರುತ್ತಲೇ ಬಿಪಿ ಏರಿ ಉಸಿರು ಹಗುರಾಗತೊಡಗುತ್ತದೆ. ಉಳಿದದ್ದನ್ನು ನಿಧಾನವಾಗಿ ತೆಗೆಯುತ್ತಾರೆ. ಒಮ್ಮೆಲೇ ಬಹಳ ತೆಗೆದರೆ ಹೃದಯ ಸೋಲುವ ಅಪಾಯವುಂಟು. ದಿನಕ್ಕೆ 25–30 ಮಿಲಿಲೀಟರಿಗಿಂತ ಕಡಿಮೆ ಬರುವವರೆಗೆ ಕೊಳವೆ ಇರುತ್ತದೆ. ರಕ್ತಸ್ರಾವ, ಶ್ವಾಸಕೋಶಕ್ಕೆ ಗಾಯ, ಸೋಂಕು ಇವು ಅಪರೂಪವಾಗಿ ಆಗಬಹುದಾದ ತೊಂದರೆಗಳು. ಬಂದ ನೀರು ಕೆಂಪಗಿದ್ದರೆ ಕ್ಯಾನ್ಸರೇ ಎಂದು ಎದೆಗುಂದಬೇಡಿ, ಕ್ಷಯದಲ್ಲೂ ಹಾಗೆ ಬರುತ್ತದೆ. ಆ ದ್ರವವನ್ನು ಎಡಿಎ (ಕ್ಷಯದಲ್ಲಿ ಏರುವ ಒಂದು ಕಿಣ್ವದ ಅಳತೆ), ಸಿಬಿನ್ಯಾಟ್ (ಕ್ಷಯದ ರೋಗಾಣುವನ್ನೇ ಹುಡುಕುವ ಪರೀಕ್ಷೆ), ಜೀವಕೋಶ ಪರೀಕ್ಷೆಗಳಿಗೆ ಕಳಿಸುತ್ತಾರೆ. ಎಡಿಎ 40 ದಾಟಿದರೆ ಕ್ಷಯದ ಶಂಕೆ ಬಲವಾಗುತ್ತದೆ. ರೋಗಾಣು ಕಡಿಮೆಯಿರುವುದರಿಂದ ಸಿಬಿನ್ಯಾಟ್‌ನಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಕ್ಷಯವಲ್ಲ ಎನ್ನಲಾಗದು.

ನೀರು ತೆಗೆದದ್ದು ಉಸಿರಾಟಕ್ಕೆ. ಕಾರಣಕ್ಕೆ ಮದ್ದು ಬೇರೆಯೇ ಬೇಕು. ವೈರಸ್‌ನಿಂದ ಆದ ಉರಿಯೂತಕ್ಕೆ ನೋವಿನ ಮಾತ್ರೆಯ ಜೊತೆ ಕಾಲ್ಚಿಸಿನ್ ಎಂಬ ಉರಿಯೂತ ಇಳಿಸುವ ಮಾತ್ರೆಯನ್ನು ಸಾಮಾನ್ಯವಾಗಿ 3 ತಿಂಗಳು ಕೊಡುತ್ತಾರೆ. ಕಿಡ್ನಿ ರೋಗಿಗಳಿಗೆ ಡಯಾಲಿಸಿಸ್ ಹೆಚ್ಚಿಸಬೇಕಾಗುತ್ತದೆ. ಥೈರಾಯ್ಡ್‌ನಿಂದಾದ ನೀರು ಮಾತ್ರೆ ಶುರುವಾದ ಮೇಲೂ ಇಂಗಲು ತಿಂಗಳುಗಳು ಹಿಡಿಯುತ್ತವೆ. ಕ್ಯಾನ್ಸರ್‌ನಲ್ಲಿ ಮತ್ತೆ ಮತ್ತೆ ತುಂಬುವುದರಿಂದ ಪೊರೆಯಲ್ಲಿ ಕಿಂಡಿ ತೆರೆಯುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕ್ಷಯಕ್ಕೆ ಮೊದಲ 2 ತಿಂಗಳು ನಾಲ್ಕು ಔಷಧ, ಮುಂದಿನ 4 ತಿಂಗಳು ಮೂರು. ಪ್ರಮಾಣ ತೂಕದ ಮೇಲೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆಂದಿರುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಯೂ ಸಿಗುತ್ತದೆ, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಹೆಸರು ಬರೆಸಿಕೊಳ್ಳಿ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಅದು ಆ ಔಷಧಗಳಲ್ಲೊಂದಾದ ರಿಫಾಂಪಿಸಿನ್ ಬಣ್ಣ, ಹೆದರಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಮಾತ್ರ ಅಂದೇ ವೈದ್ಯರನ್ನು ಕಾಣಿ.

ಕ್ಷಯದ ಔಷಧ ಶುರುವಾದ ಎರಡನೇ ತಿಂಗಳಿಗೇ ಹಸಿವು ಬಂದು ಮೈ ತುಂಬಿಕೊಳ್ಳುತ್ತದೆ, ಎಷ್ಟೋ ಜನ ಮಾತ್ರೆ ಬಿಡುವುದು ಆಗಲೇ. ಆರು ತಿಂಗಳೂ ಬಿಡದೆ ನುಂಗಿದ ಕೆಲವರಲ್ಲೂ ಪೊರೆ ದಪ್ಪವಾಗಿ, ಹೃದಯಕ್ಕೆ ಅಂಟಿ ಬಿಗಿದುಕೊಳ್ಳುವುದುಂಟು. ಆಗ ಸಾಮಾನ್ಯವಾಗಿ ಕಾಲಿಗಿಂತ ಮೊದಲು ಹೊಟ್ಟೆ ಊದುತ್ತದೆ, ಲಿವರ್ ಕಾಯಿಲೆಯೆಂದು ತಪ್ಪು ತಿಳಿಯುವ ಸಂಭವ ಹೆಚ್ಚು. ಹಿಂದೆ ಹೃದಯದ ಸುತ್ತ ನೀರು ತುಂಬಿತ್ತು ಎಂಬುದನ್ನು ಹೊಸ ವೈದ್ಯರಿಗೆ ತಪ್ಪದೆ ಹೇಳಿ, ಹಳೆಯ ಎಕೋ ವರದಿ ತೋರಿಸಿ. ಬಿಗಿದ ಪೊರೆಯನ್ನು ಬಿಡಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಬೆಂಗಳೂರಿನ ಜಯದೇವದಂಥ ಹೃದ್ರೋಗ ಸಂಸ್ಥೆಗಳಲ್ಲಿ ನಡೆಯುತ್ತದೆ. ಪೊರೆ ಸುಣ್ಣಗಟ್ಟುವ ಮೊದಲೇ ಹೋದವರಿಗೆ ಅದರ ಫಲ ಚೆನ್ನಾಗಿರುತ್ತದೆ.